ಬಿಸಿಗಾಳಿಯ ಪೆಟ್ಟಿಗೆ

ಎಡ ಅಂಗೈಯೇ ಇರಬೇಕು. ಇಲ್ಲ, ಆ ಕಲೆ ನೆನಪಾದಾಗಲೆಲ್ಲ ಸೀಮೆಸುಣ್ಣದ ಪುಡಿಯೂ ನೆನಪಾಗುತ್ತದೆ, ಹಾಗಾದರೆ ಬಲ. ಯಾವುದೋ ಒಂದು ಅಂಗೈಯಲ್ಲಿ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಬೆಂದ ಚರ್ಮ ಹೊಳೆಯುತ್ತಿತ್ತು.

ಆ ಅಂಗೈ ನನ್ನ ಸೋದರತ್ತೆಯದು. ಕಡೂರಿನ ನಮ್ಮ ಮನೆಯಿಂದ ದಿನಾ ತರೀಕೆರೆಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಕಾಫಿ ಲೋಟ, ಬಸ್ಸಿನ ಬಾನೆಟ್ಟು, ನನ್ನ ಹಣೆ, ಎಲ್ಲವನ್ನೂ ಅಂಗೈ ಇಟ್ಟು ನೋಡುವವರು. ಆದರೆ ಬೆಂಕಿಯೆಂದರೆ ಜೀವಭಯ. ನಮ್ಮ ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ. ಮಳೆಗಾಲದಲ್ಲಿ ತೇವ ಹಿಡಿಯದಿರಲೆಂದು ಕೆಳಗೆ ಹೊಗೆ ಹಾಕುತ್ತಿದ್ದೆವು. ಪಕ್ಕದ ಕೋಣೆಯಲ್ಲಿ, ಅದೇ ಅಟ್ಟದಡಿ, ಅಜ್ಜಿ ಎದ್ದು ಕೂರಲಾಗದೆ ಮಲಗಿರುತ್ತಿದ್ದರು. ಹೊಗೆ ಹಾಕಿದ ದಿನ ಅತ್ತೆಗೆ ಊಟ ಇಳಿಯುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲಿಗೆ ಎಲ್ಲಿಂದಲೋ ಒಂದು ಸೌರಫಲಕ ತಂದರು. ಅಡುಗೆಮನೆಯ ತಾರಸಿಯ ಮೇಲೆ ಗಾಜಿನ ಮುಚ್ಚಳದ ಮರದ ಪೆಟ್ಟಿಗೆ, ಅದರೊಳಗೆ ಫಲಕ. ಫಲಕದ ಕರೆಂಟಿನಲ್ಲೇ ಪುಟ್ಟ ಫ್ಯಾನು ತಿರುಗಿ, ಫಲಕದ ಬೆನ್ನ ಕಾವನ್ನು ತಗಡಿನ ಕೊಳವೆಯಲ್ಲಿ ಅಟ್ಟಕ್ಕೆ ತಳ್ಳುತ್ತಿತ್ತು. ಬೆನ್ನು ತಣ್ಣಗಾದರೆ ಕರೆಂಟೂ ಹೆಚ್ಚು. ಆದರೆ ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಫ್ಯಾನು ನಿಲ್ಲುತ್ತದೆ, ಕಾವು ಒಳಗೇ ಕೂರುತ್ತದೆ ಎಂದು ಎಲ್ಲರಿಗೂ ಹೇಳಿದ್ದರು. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಅಟ್ಟ ಸೇರುತ್ತದೆ ಎಂಬುದೇ ಅವರ ಧ್ಯಾನ. ಕಾವು ಸೋರದಿರಲೆಂದು ಪೆಟ್ಟಿಗೆಯ ಸುತ್ತ ತೆಂಗಿನ ನಾರು ತುರುಕಿದರು. ನಮ್ಮ ಹಿತ್ತಿಲಲ್ಲಿ ನಾರಿಗೇನು ಬರ?

"ಇನ್ಮೇಲೆ ಹೊಗೆ ಹಾಕಂಗಿಲ್ಲ ಕಣವ್ವ."

"ಸೂರ್ಯನ್ನೇ ಅಟ್ಟಕ್ಕೆ ಹತ್ತಿಸ್ತೀಯೇನೇ? ನನ್ ಮೇಲೆ ಬೀಳಿಸ್ಬೇಡ ಕಣೇ ತಾಯಿ," ಎಂದರು ಅಜ್ಜಿ.

ಮಳೆ ಬಿಟ್ಟ ಒಂದು ಭಾನುವಾರ, ಊಟದ ಹೊತ್ತಿಗೆ ನಾರು ಸುಟ್ಟ ವಾಸನೆ ಬಂತು. ಅತ್ತೆ ಎಂಜಲುಗೈಯಲ್ಲೇ ತಾರಸಿಗೆ ಓಡಿದರು. ಹಿಂದೆಯೇ ನಾನು. ಫ್ಯಾನು ನಿಂತಿತ್ತು. ಪೆಟ್ಟಿಗೆಯ ಸಂದಿನಿಂದ ಹೊಗೆ. ಗಾಜಿನ ಒಂದು ಮೂಲೆಯಲ್ಲಿ ಅಮ್ಮ ಒಣಹಾಕಿದ್ದ ಹಪ್ಪಳ, ಹಳೇ ಪಂಚೆಯ ಮೇಲೆ. ಕೆಳಗಿನಿಂದ ಅಜ್ಜಿ, "ಏನೋ ವಾಸ್ನೆ ಕಣ್ರೋ! ಯಾರಾದ್ರೂ ಬರ್ರೋ!" ಆ ಕೂಗು ಈಗಲೂ ನನ್ನ ಬೆನ್ನಲ್ಲಿ ಏಳುತ್ತದೆ.

ಅತ್ತೆ ಮೊದಲು ಪಂಚೆ ಸುತ್ತಿ ಹಿತ್ತಿಲಿಗೆ ಎಸೆದರು. ಆಮೇಲೆ ಕಿಡಿ ಅಟ್ಟ ಸೇರದಂತೆ, ಕಾದ ಕೊಳವೆಯನ್ನು ಬರಿಗೈಯಲ್ಲಿ ಕಿತ್ತರು. "ನೀರು ತಾರೋ!"

ಅಮ್ಮ ಬಂದಾಗ ಬೆಂಕಿ ಆರಿತ್ತು. "ಹೆಂಗಾಯ್ತು ಅತ್ತಿಗೆ?"

"ವೈರ್ ಕಿತ್ಕೊಂಡಿತ್ತು. ನಾನೇ ಸರಿಯಾಗಿ ಬಿಗಿದಿರ್ಲಿಲ್ಲ."

"ನನ್ ಹಪ್ಳ ಎಲ್ಲಿ?"

"ಕಾಗೆ ತಿಂದ್ವು."

"ಪಂಚೆ ಸಮೇತವಾ?"

ಅತ್ತೆ ಉಳಿದ ನೀರಿನಲ್ಲಿ ಕೈ ಅದ್ದಿದರು. ಪೆಟ್ಟಿಗೆಯನ್ನು ಮತ್ತೆ ಕಟ್ಟಲಿಲ್ಲ. ಹೊಗೆ ಹಾಕುವ ದಿನಗಳು ಮರಳಿದವು. ಆ ದಿನಗಳಲ್ಲಿ ಅತ್ತೆ ರಜೆ ಹಾಕಿ ಅಜ್ಜಿಯ ಮಂಚದ ಪಕ್ಕ ಕೂರುತ್ತಿದ್ದರು. ಅಜ್ಜಿ ಹೋದ ಮೇಲೆ ಅಜ್ಜಂಪುರಕ್ಕೆ ವರ್ಗ ಮಾಡಿಸಿಕೊಂಡು, ಅಲ್ಲೇ ತೀರಿಕೊಂಡರು.

ಮೊನ್ನೆ ಅಮ್ಮನಿಗೆ ಪಂಚೆಯ ವಿಷಯ ಹೇಳಿಬಿಟ್ಟೆ. "ಮಳೆಗಾಲ್ದಲ್ಲಿ ಯಾರ್ ಹಪ್ಳ ಹಾಕ್ತಾರೆ? ಬುದ್ಧಿ ಇದೆಯೇನೋ ನಿನಗೆ?" ಎಂದು ನಕ್ಕರು. ಅವತ್ತು ಹಪ್ಪಳ ಎಲ್ಲಿ ಎಂದು ಕೇಳಿದ್ದು ಇವರೇ ಅಲ್ಲವೇ, ಅಥವಾ ಅದೂ ಆ ಅಂಗೈಯ ಹಾಗೆ, ಎಡವೋ ಬಲವೋ?

ಫ್ಯಾನು ಯಾಕೆ ನಿಂತಿತೋ, ನನಗೆ ಗೊತ್ತಿಲ್ಲ.