ತಂಬಾಕು ತಿಕ್ಕುವಷ್ಟು ಹೊತ್ತು

ಸುಟ್ಟ ಎಣ್ಣೆಯ ವಾಸನೆಗಳೆಲ್ಲ ಒಂದೇ ಅಲ್ಲ. ಸೈಲೆನ್ಸರ್ ಮೇಲೆ ತೊಟ್ಟಿಕ್ಕಿದ ಎಣ್ಣೆಯದು ಒಂದು ಬಗೆ. ಎಂಜಿನ್ನಿನ ಟರ್ಬೊದೊಳಗೆ ಕುದ್ದು ಕರಿಕಾದ ಎಣ್ಣೆಯದು ಬೇರೆಯೇ. ಭಜಿ ಕರಿದ ಬಾಣಲೆಯನ್ನು ಒಲೆಯ ಮೇಲೆ ಮರೆತರೆ ಬರುತ್ತದಲ್ಲ, ಅದಕ್ಕೆ ಕಾದ ಕಬ್ಬಿಣದ ಘಾಟು ಸೇರಿದ ಹಾಗೆ. ಹೋದ ತಿಂಗಳು ಲಚ್ಯಾಣದ ಹತ್ತಿರ ಕಬ್ಬಿನ ಲಾರಿಯೊಂದು ಕೆಟ್ಟು ನಿಂತಿತ್ತು. ಪಕ್ಕದಲ್ಲಿ ಹಾಯುವಾಗ ಕಾರಿನ ಗಾಜು ಇಳಿಸಿದೆ, ಆ ವಾಸನೆ ಒಳಗೆ ಬಂತು. ಅದರ ಹಿಂದೆಯೇ ಸಿಂದಗಿಯ ಮಿಸ್ತ್ರಿ ಬಂದ... ಐವತ್ತು ವರ್ಷದ ಹಿಂದಿನ ಮನುಷ್ಯ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಇಂಡಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಬಾಗೇವಾಡಿ ಕಡೆಯ ಜಮೀನ್ದಾರರ ವಾಡೆಯೊಂದರಲ್ಲಿ ಮೂಲೆಗೆ ಬಿದ್ದು, ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದ ದೊಡ್ಡ ವಿಲಾಯತಿ ಗಾಡಿ ಅದು. ಒಂದು ಕಾಲಕ್ಕೆ ಅದರ ಮುಂದೆ ಯಾವ ಗಾಡಿಯೂ ಹೋಗುತ್ತಿರಲಿಲ್ಲವಂತೆ. ಪೆಟ್ರೋಲ್ ತುಟ್ಟಿಯಾದ ಮೇಲೆ ವಾಡೆಯವರು ಕೈಬಿಟ್ಟಿದ್ದರು. ನಾಲ್ಕು ಸಲ ಹೋಗಿ ದರ ಕೇಳಿ, ನಾಲ್ಕು ಸಲವೂ 'ಬ್ಯಾಡ್ರಿ' ಎಂದು ಎದ್ದು ಬಂದೆ. ಐದನೆಯ ಸಲ ಅವರೇ ಕರೆಸಿ ನನ್ನ ದರಕ್ಕೆ ಕೊಟ್ಟರು. ಹಳೆಯದನ್ನು ಕೊಳ್ಳುವವರು ಮೊದಲು ಕಲಿಯಬೇಕಾದ್ದು ಎದ್ದು ಬರುವುದನ್ನೇ.

ಅದರ ಎಂಜಿನ್ ಇಳಿಸಿ ಹಳೆಯ ಡೀಸೆಲ್ ಎಂಜಿನ್ ಕೂರಿಸಿದೆ. ಖರ್ಚು ತಗ್ಗಿತು, ಗಾಡಿಯ ದಮ್ಮೂ ತಗ್ಗಿತು. ಜನ ತುಂಬಿಕೊಂಡು ಡೋಣಿ ಹೊಳೆ ದಾಟಿದ ಮೇಲಿನ ಏರಿನಲ್ಲಿ ಅರ್ಧ ಜನರನ್ನು ಇಳಿಸಿ ತಳ್ಳಿಸಬೇಕಾಗುತ್ತಿತ್ತು. ಮದುವೆ ಬಾಡಿಗೆಗಳು ಬೇರೆಯವರ ಜೀಪಿಗೆ ಹೋಗತೊಡಗಿದವು.

ಆಗ ಯಾರೋ ಸಿಂದಗಿಯ ಮಿಸ್ತ್ರಿಯನ್ನು ತೋರಿಸಿದರು. ಕೃಷ್ಣೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಡೆ ದೊಡ್ಡ ಯಂತ್ರಗಳ ರಿಪೇರಿ ಮಾಡಿ ಬಂದು, ಬೇವಿನ ಮರದ ಕೆಳಗೆ ತಗಡಿನ ಶೆಡ್ ಹಾಕಿಕೊಂಡಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು ಕೇಳುತ್ತಿದ್ದ. ನನಗೆ ಅದೆಲ್ಲ ನಾಟಕವೆನಿಸಿತು.

"ಟರ್ಬೊ ಹಾಕೂಣ್ರಿ ಮಾಲಕ್ರ" ಎಂದ. "ಹೊರಗ ಹೋಗೂ ಹೊಗೀಲೆ ಒಂದು ಗಾಲಿ ತಿರಗತೈತಿ, ಅದು ಎಂಜಿನ್ನಿಗೆ ಗಾಳಿ ತುರುಕತೈತಿ. ಹೊಸಾದು ನಮ್ಮ ಕೈಗೆ ಸಿಗಂಗಿಲ್ಲ. ಮುದ್ದೇಬಿಹಾಳದಾಗ ಗುಜರಿಯಾವ್ನ ಹಂತೇಕ ಬಿಚ್ಚಿದ್ದು ಅದಾವು."

ಮುದ್ದೇಬಿಹಾಳದ ಗುಜರಿ ಅಂಗಡಿಯಲ್ಲಿ ಎರಡು ಟರ್ಬೊ ಇದ್ದವು. ಎರಡೂ ಬಸವನಹುಳುವಿನ ಆಕಾರ. ಒಂದು ತೆಂಗಿನಕಾಯಿಯಷ್ಟಿದ್ದರೆ ಇನ್ನೊಂದು ಕುಂಬಳಕಾಯಿಯಷ್ಟು. ಎರಡಕ್ಕೂ ಒಂದೇ ದರ. ನಾನು ದೊಡ್ಡದಕ್ಕೆ ಕೈ ಹಾಕಿದೆ.

"ಅದು ಬ್ಯಾಡ್ರಿ, ಸಣ್ಣದು ಒಯ್ಯೂಣು" ಎಂದ ಮಿಸ್ತ್ರಿ.

"ಯಾಕ್ರಿ? ಅದ ದರಕ್ಕ ದೊಡ್ಡದು ಕೊಡಾಕತ್ತಾನಲ್ಲ?"

"ಬೀಸೂಕಲ್ಲು ದೊಡ್ಡದಿದ್ರ ಆತೇನ್ರಿ, ತಿರುವಾಕ ರಟ್ಟ್ಯಾಗ ಕಸುವು ಬ್ಯಾಡಾ? ನಿಮ್ಮ ಎಂಜಿನ್ನಿನ ಹೊಗಿ ಇದನ್ನ ತಿರುವಂಗಿಲ್ಲ."

ಮಾತು ಸರಿಯಿತ್ತು. ಆದರೂ ಗುಜರಿಯವನಿಗೂ ಇವನಿಗೂ ಒಳಗೊಳಗೇ ಏನೋ ಇದೆ ಎಂದು ನನ್ನ ಲೆಕ್ಕ. ಅದು ಮುಖದ ಮೇಲೆ ಕಂಡಿತೋ ಏನೋ, ಮಿಸ್ತ್ರಿ ಸಣ್ಣದನ್ನು ನನ್ನ ಕೈಗೇ ಕೊಟ್ಟು ಪರೀಕ್ಷೆ ಕಲಿಸಿದ. ಹಳೆಯ ಟರ್ಬೊ ಕೊಳ್ಳುವವರಿಗೆ ಈಗಲೂ ನಾನು ಅದನ್ನೇ ಹೇಳುವುದು. ನಡುವಿನ ಶಾಫ್ಟನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ. ತುಸು ಅಲುಗಿದರೆ ಚಿಂತೆಯಿಲ್ಲ. ಹಿಂದೆ ಮುಂದೆ ಎಳೆದಾಡಿ. ಆಗ ಅಲುಗುವುದು ಕೈಗೆ ಗೊತ್ತಾದರೆ ಅಲ್ಲೇ ಇಟ್ಟು ಬನ್ನಿ. ಗಾಲಿಯ ರೆಕ್ಕೆಗಳು ಒಳಗೋಡೆಗೆ ಉಜ್ಜಿದ ಗುರುತಿದ್ದರೂ ಬೇಡ. ಇದನ್ನೆಲ್ಲ ನನಗೆ ಕಲಿಸಿದವನನ್ನೇ ನಾನು ಅನುಮಾನಿಸುತ್ತಿದ್ದೆ.

ಸಣ್ಣದನ್ನೇ ಕೊಂಡೆವು. ಬದಲಿಸಿಯಾನೆಂದು ಅದರ ಹೊರಮೈಗೆ ಮೊಳೆಯಿಂದ ಒಂದು ಗೀರು ಎಳೆದೆ. ಮಿಸ್ತ್ರಿ ನೋಡಿದ. "ಇನ್ನೊಂದು ಗೀರು ಹಾಕ್ರಿ, ಒಂದು ಅಳಿಸಿದ್ರ ಇನ್ನೊಂದು ಇರಲಿ" ಎಂದು ನಕ್ಕ. ನಾನು ಹಾಕಿದೆ.

ಕೂರಿಸಲು ಮೂರು ದಿನ ಹಿಡಿಯಿತು. ಹೊಗೆಯ ಕೊಳವೆ ಕತ್ತರಿಸಿ ಹೊಸ ಬಾಯಿ ಬೆಸೆದ. ಎಂಜಿನ್ನಿನಿಂದ ಟರ್ಬೊಗೆ ಎಣ್ಣೆ ಹೋಗಲು ತಾಮ್ರದ ನಳಿಗೆ ಎಳೆದ. ನಾನು ಮೂರು ದಿನವೂ ಸ್ಟೂಲು ಹಾಕಿ ಎದುರು ಕುಳಿತೆ. ಒಮ್ಮೆ ಮಾತ್ರ ಪಕ್ಕದ ಅಂಗಡಿಗೆ ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ಟರ್ಬೊ ಬಿಚ್ಚಿ, ಶಾಫ್ಟು ತಿರುಗುವ ಹಿತ್ತಾಳೆಯ ಬುಶ್ ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ನಾನಿಲ್ಲದಾಗಲೇ ಯಾಕೆ ಬಿಚ್ಚಿದ? ಕೇಳಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡೆ.

ಕೊನೆಗೆ ಕೀಲಿ ಕೊಡುವಾಗ ಒಂದು ಮಾತು ಹೇಳಿದ. "ದೂರದಿಂದ ಬಂದು ನಿಂತಕೂಡ್ಲೆ ಬಂದ್ ಮಾಡಬ್ಯಾಡ್ರಿ. ತಂಬಾಕು ತಿಕ್ಕಿ ಬಾಯಾಗ ಹಾಕ್ಕೊಳ್ಳೂ ತನಕ ಎಂಜಿನ್ ತಿರಗಲಿ. ಒಳಗಿನ ಗಾಲಿ ಕೆಂಡಾಗಿರತೈತಿ, ಎಣ್ಣಿ ಹರಿದು ತಣ್ಣಗಾಗಬೇಕು."

"ನಾ ತಂಬಾಕು ತಿನ್ನಂಗಿಲ್ಲಲ್ಲ."

"ಹಂಗಾರ ನೂರು ಎಣಸ್ರಿ. ಇದು ಓಡಿದ್ರ ನಾಕು ತಾಲೂಕಿನಾಗ ನನ್ನ ಹೆಸರು ನಿಲ್ಲತೈತಿ ಮಾಲಕ್ರ. ಕೆಟ್ಟಿತಂದ್ರ ನಾ ಹತ್ಯಾರದ ಪೆಟಗಿ ಹೊತ್ಕೊಂಡು ಹೋಗೂದ."

ಗಾಡಿ ಹೇಗೆ ಓಡಿತೆಂದರೆ... ಡೋಣಿಯ ಏರಿನಲ್ಲಿ ಸಿಳ್ಳೆ ಹಾಕುತ್ತ ಜೀಪನ್ನು ಹಿಂದೆ ಹಾಕಿತು. ಒಳಗಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಮಿಸ್ತ್ರಿಯ ಶೆಡ್ಡಿನ ಮುಂದೆ ಮೋರಟಗಿಯಿಂದ, ಚಡಚಣದಿಂದ ಬಂದ ಗಾಡಿಗಳು ಸಾಲು ನಿಂತವು.

ಆದರೆ ನಿಂತ ಗಾಡಿಯಲ್ಲಿ ಡೀಸೆಲ್ ಸುಡುವುದೆಂದರೆ ನನಗೆ ಮೈ ಉರಿಯುತ್ತಿತ್ತು. ಇಳಿಜಾರು ಬಂದರೆ ಎಂಜಿನ್ ಬಂದ್ ಮಾಡಿ ಗಾಡಿ ಹರಿಯಬಿಡುವವನು ನಾನು. ಮಿಸ್ತ್ರಿಗೂ ಡೀಸೆಲ್ ಪಂಪಿನವನಿಗೂ ನಂಟಿರಬೇಕೆಂದು ತೀರ್ಮಾನಿಸಿದೆ. ನೂರು ಇರಲಿ, ಹತ್ತನ್ನೂ ಎಣಿಸಲಿಲ್ಲ.

ಒಂದು ಮದುವೆಯ ದಿಬ್ಬಣ ಒಯ್ಯುವಾಗ ಬಾಗೇವಾಡಿ ಇನ್ನೂ ಹರದಾರಿ ದೂರವಿತ್ತು. ಟರ್ಬೊದ ಸಿಳ್ಳೆ ಕಿರುಚಾಟವಾಯಿತು, ಹಿಂದೆ ನೀಲಿ ಹೊಗೆ ಎದ್ದಿತು, ಗಾಡಿ ಎಳೆಯಲಾರದೆ ನಿಂತಿತು. ಬೀಗರು ಎತ್ತಿನ ಗಾಡಿ ಹತ್ತಿ ಹೋದರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಸಿಂದಗಿಗೆ ಎಳೆಸಿಕೊಂಡು ಬಂದೆ.

ಮಿಸ್ತ್ರಿ ಟರ್ಬೊ ಬಿಚ್ಚಿದ. ಚಹಾದಂಗಡಿಯವನು, ಅವನ ಗಿರಾಕಿಗಳು, ರಿಪೇರಿಗೆ ಬಂದ ಗಾಡಿಯವರು ಎಲ್ಲ ಸುತ್ತ ನಿಂತರು. ಆಗಲೇ ಮೊದಲ ಸಲ ಆ ವಾಸನೆ ಬಂದದ್ದು.

"ನೋಡ್ರಿ, ಬುಶ್ ಸವದಿಲ್ಲ, ಸುಟ್ಟೈತಿ. ಎಣ್ಣಿ ನಿಂತಲ್ಲೇ ಕುದ್ದು ಕರಿಕಾಗೈತಿ. ಬಂದ್ ಮಾಡೂಮುಂದ ಅಷ್ಟೊತ್ತು ನಿಲ್ತಿದ್ರೇನ್ರಿ?"

"ನಿಲ್ತಿದ್ದೆ. ಪ್ರತಿ ಸಲ."

ಅವನು ನನ್ನ ಮುಖವನ್ನೇ ನೋಡಿದ. ದನಿ ಇಳಿಸಿ, "ಖರೇ ಹೇಳ್ರಿ ಮಾಲಕ್ರ. ನಿಮ್ಮದೊಂದು ಮಾತಿಗೆ ನನ್ನ ಕೆಲಸ ಉಳಿತೈತಿ" ಎಂದ.

ಸುತ್ತ ಜನರಿದ್ದರು. "ನಿಲ್ತಿದ್ದೆ ಅಂದ್ನಲ್ಲ? ಅವತ್ತ ನಾ ಚಹಾಕ್ಕ ಹೋದಾಗ ನೀ ಬಿಚ್ಚೀದಿ. ಚಲೋ ಬುಶ್ ತಗದು ಸವದದ್ದು ಹಾಕೀದಿ."

ಅದುವರೆಗೆ ನಾನು ಅವನನ್ನು ನೀ ಎಂದಿರಲಿಲ್ಲ. ಅವನು ಕೈ ಒರೆಸಿಕೊಂಡು ಎದ್ದ. ಟರ್ಬೊವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. "ತಿಳಿದಾವ್ರು ಯಾರಿಗರ ತೋರಸ್ರಿ" ಎಂದ ಅಷ್ಟೇ. ನಾನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಏನು ಹೇಳುತ್ತಾರೆಂಬ ಅನುಮಾನ ನನಗೇ ಇತ್ತು...

ಶೆಡ್ಡಿನ ಮುಂದಿನ ಸಾಲು ಕರಗಿತು. ಮಳೆಗಾಲ ಮುಗಿಯುವಷ್ಟರಲ್ಲಿ ಬೀಗ ಬಿತ್ತು. ಎಷ್ಟೋ ವರ್ಷದ ಮೇಲೆ ನಾನು ಟರ್ಬೊ ಇರುವ ಹೊಸ ಲಾರಿ ಕೊಂಡೆ. ಕಂಪನಿಯವನು ನನ್ನ ಡ್ರೈವರುಗಳನ್ನು ಕೂರಿಸಿಕೊಂಡು ಹೇಳಿದ ಮೊದಲ ಮಾತೇ ಅದು: ಬಂದ್ ಮಾಡುವ ಮೊದಲು ನಿಲ್ಲಿ. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಆಗಲೂ ಮಿಸ್ತ್ರಿಯನ್ನು ಹುಡುಕಲಿಲ್ಲ. ವಿಚಾರಿಸಿದರೆ ಯಾಕೆಂದು ಕೇಳುತ್ತಾರಲ್ಲ.

ಲಚ್ಯಾಣದಿಂದ ಆ ದಿನ ನಾನು ಮನೆಗೆ ಹೋಗದೆ ನೇರ ಸಿಂದಗಿಗೆ ಹೋದೆ. ಚಹಾದಂಗಡಿ ಈಗ ದೊಡ್ಡ ಖಾನಾವಳಿ. ಅದರ ಹಳೆಯ ಮಾಲೀಕ, ನನ್ನದೇ ವಯಸ್ಸಿನವನು, ಹೊರಗೆ ಕುರ್ಚಿ ಹಾಕಿ ಕುಳಿತಿದ್ದ. ಮಿಸ್ತ್ರಿಯ ವಿಷಯ ತೆಗೆದೆ.

"ಯಾವ ಮಿಸ್ತ್ರಿ? ಆ ಬುಶ್ ಕದ್ದಾಂವನೇನ್ರಿ? ಅಂವಾ ಹೋಗಿ ಭಾಳ ವರ್ಷಾತಲ್ರಿ. ಚಡಚಣ ಕಡೆ ತೀರ್ಕೊಂಡ ಅಂತ."

ಪಕ್ಕದ ಕುರ್ಚಿ ಎಳೆದು ಕೂತೆ. ಹೇಳಿದೆ, "ಅಂವಾ ಕದ್ದಿರಲಿಲ್ರಿ. ನಾನ ಸುಳ್ಳು ಹೇಳಿದ್ದೆ. ಎಂಜಿನ್ ಬಂದ್ ಮಾಡೂಮುಂದ ಒಮ್ಮೆಯೂ ನಿಂತಿದ್ದಿಲ್ಲ ನಾ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಈಗ್ಯಾಕ ಈ ಮಾತು? ಅಂವನ ಮಕ್ಕಳದು ಏನರ ಜಾಗಾ ತಗೊಳ್ಳಾವ್ರದೀರೇನು?"

"ಇಲ್ರೀ, ಖರೇನ ಹೇಳಾಕತ್ತೇನಿ."

ಅವನು ನಕ್ಕು, ಒಳಗಿದ್ದ ಗಿರಾಕಿಗಳಿಗೆ ನನ್ನನ್ನು ತೋರಿಸಿದ. "ನೋಡ್ರಪಾ, ನಾ ಹೇಳ್ತಿರ್ತೇನಲ್ಲ, ಇವರದ ಬುಶ್ ಆ ಮಿಸ್ತ್ರಿ ಹೊಡದಿದ್ದು."

ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. ಅವರು ತಲೆಯಾಡಿಸಿದರು, ವಯಸ್ಸಾದವರ ಮಾತಿಗೆ ಆಡಿಸುವ ಹಾಗೆ. ಆಮೇಲೆ ಊಟ ಮುಂದುವರಿಸಿದರು.