ಅಪ್ಪನ ಎಡಗಡೆಯ ಮಿದುಳು

ಮಿದುಳಿನ ಪಾಠವನ್ನು ನಾನು ಮೂರು ವರ್ಷ ಗಿಣಿಯ ಹಾಗೆ ಒಪ್ಪಿಸಿದೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಮುಧೋಳದ ಹೆಣ್ಣುಮಕ್ಕಳ ಸಾಲೆಯಲ್ಲಿ ನನಗೆ ಕೆಲಸ. ವಿಜ್ಞಾನ ಕಲಿಸುವವರು ಬೇರೆ ಯಾರೂ ಇಲ್ಲವೆಂದು ಅದೂ ನನ್ನ ಕೊರಳಿಗೇ ಬಿತ್ತು. ಕಿರಾಣಿ ಅಂಗಡಿಯಿಂದ ಒಂದು ಅಕ್ರೋಡು ತಂದು, ಒಡೆದು, “ನೋಡ್ರಿ, ತಲಿಯೊಳಗ ಇರೋದು ಹಿಂಗಽ” ಎಂದು ತೋರಿಸುತ್ತಿದ್ದೆ. ಎರಡು ಹೋಳಿನ ದೊಡ್ಡ ಮಿದುಳು. ಎಡಹೋಳು ಬಲಮೈಯನ್ನು ಆಳುತ್ತದೆ, ಬಲಹೋಳು ಎಡಮೈಯನ್ನು. ಹಿಂದೆ, ಕೆಳಗಡೆ ಚಿಕ್ಕ ಮಿದುಳು. ನಡೆಯುವಾಗ ಜೋಲಿ ಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಬುಡದಲ್ಲಿ ಮಿದುಳಿನ ಕಾಂಡ. ನಾವು ಮಲಗಿದ್ದರೂ ಉಸಿರನ್ನೂ ಎದೆಬಡಿತವನ್ನೂ ನಡೆಸುವುದು ಅದೇ. ಒಂದು ಸಲ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅಕ್ಕಾರ, ಮಾತು ಎಲ್ಲಿರತದ್ರಿ?” ಎಂದು ಕೇಳಿದಳು. “ಬಾಯಾಗ. ಮುಚ್ಚು ಅದನ್ನ” ಎಂದೆ. ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ, ಅಷ್ಟೇ.

ಅಪ್ಪನದು ಪೌರೋಹಿತ್ಯ. ಆ ವರ್ಷ ಚೈತ್ರದಲ್ಲಿ ಲೋಕಾಪುರದವರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಒಪ್ಪಿಕೊಂಡಿದ್ದರು. ಹಿಂದಿನ ದಿನವೇ ತಲೆ ತಿರುಗುತ್ತದೆ ಎಂದವರು ಬೆಳಿಗ್ಗೆ ಹೊರಟು ನಿಂತರು. ಅವ್ವ ಬೇಡ ಎಂದಳು. ಕೊಟ್ಟ ಮಾತು ತಪ್ಪುವುದು ಹೇಗೆ ಎಂದು ಅಪ್ಪ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವ್ವ ತಲೆಕೆಟ್ಟು, “ಹೋಗ್ರಿ ಹಂಗಾರ! ಬಂದ ಮ್ಯಾಲ ನನ್ನ ಜೋಡಿ ಮಾತಾಡಬ್ಯಾಡ್ರಿ” ಎಂದು ಒಳಗೆ ಹೋದಳು. ಮಧ್ಯಾಹ್ನ ಅಪ್ಪನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ತಂದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಜೋತು ಬಿದ್ದಿತ್ತು.

ಲಕ್ವಾ ಹೊಡೆದಿದೆ ಎಂದು ಓಣಿಯವರೆಲ್ಲ ಹೇಳಿದರು. ಎಣ್ಣೆ ತಿಕ್ಕಿದ್ದಾಯಿತು, ಕಷಾಯ ಕುಡಿಸಿದ್ದಾಯಿತು. ಮೂರು ವಾರದಲ್ಲಿ ಬಾಯಿ ನೆಟ್ಟಗಾಯಿತು, ಕೈಗೆ ಒಂದಿಷ್ಟು ಬಲ ಬಂತು, ಗೋಡೆ ಹಿಡಿದು ಹಿತ್ತಲ ತನಕ ನಡೆದರು. ಮಾತು ಮಾತ್ರ ಒಂದೇ ಒಂದು ಉಳಿದಿತ್ತು: “ಆತು”. ನೀರು ಬೇಕಾದರೂ “ಆತು”, ಅನ್ನ ಸಾಕಾದರೂ “ಆತು”, ಸಿಟ್ಟು ಬಂದರೆ “ಆತು! ಆತು! ಆತು!”

ಹೀಗಿರುವಾಗ ಒಂದು ಬೆಳಿಗ್ಗೆ ಮಡಿಯುಟ್ಟು ಸಂಧ್ಯಾವಂದನೆಗೆ ಕೂತರು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಆಚಮನಕ್ಕೆ ಶುರು ಮಾಡಿದರು ನೋಡಿ, ಇಪ್ಪತ್ನಾಲ್ಕು ನಾಮಗಳೂ ಗಡಗಡ ಉರುಳಿಕೊಂಡು ಬಂದವು. ಒಂದಕ್ಷರ ತೊದಲಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಅಯ್ಯ, ಮಾತು ಬಂತಲ್ರೀ! ಏನ್ರೀ, ಚಹಾ ತರಲೇನು?”

“ಆತು” ಎಂದರು ಅಪ್ಪ.

ನಮ್ಮ ಮನೆಯಲ್ಲೇ ಇದ್ದ ಅತ್ತಿ, ಅಪ್ಪನ ಅಕ್ಕ, ಗಂಡನನ್ನು ಕಳೆದುಕೊಂಡು ಬಂದವಳು, ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. “ದೇವ್ರ ಜೋಡಿ ಮಾತಾಡ್ತಾನ, ಮನಿಯವರ ಜೋಡಿ ಇಲ್ಲ. ಇದು ರೋಗಲ್ಲ, ಹಟ. ಸಣ್ಣಾಂವ ಇದ್ದಾಗಿಂದ ನೋಡೀನಿ ನಾನು” ಎಂದು ತೀರ್ಪು ಕೊಟ್ಟಳು.

ಆ ಮಾತು ಅವ್ವನ ಎದೆಗೆ ನಾಟಿತು. “ಮಾತಾಡಬ್ಯಾಡ್ರಿ ಅಂತ ನಾನಽ ಅಂದಿದ್ದೆ. ಅಂದಂಗ ಮಾಡ್ಲಿಕ್ಕತ್ತಾರ” ಎಂದು ಒಲೆಯ ಮುಂದೆ ಕೂತು ಅತ್ತಳು. ಅಂದಿನಿಂದ ಬಡಿಸುವಾಗ ಮುಖ ಎತ್ತಲಿಲ್ಲ. ರಾತ್ರಿಯ ಊಟ ಬಿಟ್ಟಳು. ದಿನ ಹೋದಂತೆ ಮೈ ಇಳಿದು ಬಳೆಗಳು ಮೊಣಕೈ ತನಕ ಜಾರತೊಡಗಿದವು. ನನಗೆ ಅಪ್ಪನಿಗಿಂತ ಅವಳದೇ ಚಿಂತೆಯಾಯಿತು. ಅಪ್ಪ ಹೀಗೇ ಇದ್ದರೆ ಅವ್ವ ಉಳಿಯುವುದಿಲ್ಲ ಅನ್ನಿಸಿತು.

ನಾನೇನು ಕಡಿಮೆಯವಳೇ? ಒಂದು ದಿನ ಅಪ್ಪನ ಎದುರೇ ನಿಂತು, “ಅಪ್ಪಾ, ಸಾಕು ಮಾಡ್ರಿ ಈ ನಾಟಕ. ಅಕಿ ಸಾಯಲೇನು?” ಎಂದು ಒದರಿದೆ. ಅಪ್ಪನ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪವಾಗಿರಬೇಕು ಎಂದುಕೊಂಡೆ. ಕತ್ತೆ ನಾನು.

ಜಮಖಂಡಿಯಲ್ಲಿ ಪುಣೆಗೆ ಹೋಗಿ ಕಲಿತು ಬಂದ ಡಾಕ್ಟರೊಬ್ಬರಿದ್ದಾರೆಂದು ಸಾಲೆಯಲ್ಲಿ ಯಾರೋ ಹೇಳಿದರು. ಭಾನುವಾರ ಅಪ್ಪನನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಹೋದೆ. ಡಾಕ್ಟರು ಅವಸರದವರಲ್ಲ. ಮೇಜಿನ ಮೇಲೆ ಕೀಲಿಕೈ, ಪೆನ್ನು, ಚಮಚ, ಕನ್ನಡಕ ಸಾಲಾಗಿ ಇಟ್ಟರು. “ಹಿರಿಯಾರ, ಕೀಲಿಕೈ ಮುಟ್ರಿ” ಎಂದರು. ಅಪ್ಪ ಮುಟ್ಟಿದರು. “ಓದೂ ಮುಂದ ಬೇಕಾಗೂದು ಯಾವುದ್ರಿ?” ಅಪ್ಪ ಕನ್ನಡಕ ತೋರಿಸಿದರು. “ಅದರ ಹೆಸರು ಹೇಳ್ರಿ.” ಅಪ್ಪನ ತುಟಿ ಒದ್ದಾಡಿತು, ಹಣೆಯ ಮೇಲೆ ಬೆವರು ಬಂತು. “ಆತು” ಎಂದರು.

“ಇವರಿಗೆ ಎಲ್ಲಾ ತಿಳಿಯಾಕತ್ತೈತಿ, ಅಕ್ಕಾರ” ಎಂದರು ಡಾಕ್ಟರು. “ಮಾತು ಕಟ್ಟೂ ಜಾಗಾ ಬಹಳ ಮಂದಿಗೆ ಎಡಗಡೆ, ಹಣಿ ಹಿಂದ ಇರತೈತಿ. ಅಲ್ಲಿಗೆ ರಕ್ತ ಮುಟ್ಟದಂಗಾಗಿ ಆ ಜಾಗಾ ಕೆಟ್ಟೈತಿ. ಬಲಗೈ ಆಡಸೂ ಜಾಗಾನೂ ಅದರ ಬಾಜೂಕ ಐತಿ. ಅದಕ್ಕಽ ಕೈನೂ ಬಿತ್ತು, ಮಾತೂ ಹೋತು. ತಿಳಕೊಳ್ಳೂ ಜಾಗಾ ಇನ್ನಷ್ಟು ಹಿಂದ, ಕಿವಿ ಮ್ಯಾಲ. ಅದು ಛಲೋ ಐತಿ.”

“ಮತ್ತ ಮಂತ್ರ ಹೆಂಗ ಬರತಾವ್ರಿ?”

“ಹೊಸಾ ಮಾತಾಡಬೇಕಂದ್ರ ಒಂದೊಂದು ಶಬ್ದ ಹುಡುಕಿ ಜೋಡಸಬೇಕು. ಬಾಯಿಪಾಠದ್ದು ಹಂಗಲ್ಲ. ಮೊದಲನೇದ್ದು ಬಂತಂದ್ರ ಉಳದದ್ದು ತಾನಽ ಬರತೈತಿ. ಅದಕ್ಕ ಬ್ಯಾರೆ ದಾರಿ ಐತಿ. ಎಲ್ಲೆಲ್ಲಿ ಹಾದು ಬರತೈತಿ ಅನ್ನೂದು ನಮಗೂ ಪೂರಾ ಗೊತ್ತಿಲ್ಲ, ಖರೇನ ಹೇಳತೀನಿ.” ಬನಹಟ್ಟಿಯ ಒಬ್ಬ ನೇಕಾರನ ವಿಷಯವನ್ನೂ ಹೇಳಿದರು. ಅವನಿಗೂ ಇದೇ ರೋಗ, ಕೈ ಮಾತ್ರ ಬಿದ್ದಿರಲಿಲ್ಲ. ಲಾಳಿಯನ್ನು ಕೈಯಲ್ಲಿ ಕೊಟ್ಟು ಇದೇನು ಎಂದರೆ ಹೆಸರು ಬರಲಿಲ್ಲವಂತೆ. ಮಗ್ಗದ ಮುಂದೆ ಕೂರಿಸಿದರೆ ಒಂದು ಎಳೆಯೂ ತಪ್ಪಲಿಲ್ಲವಂತೆ. ಕೈ ಕಲಿತದ್ದನ್ನು ಚಿಕ್ಕ ಮಿದುಳೂ ದೊಡ್ಡ ಮಿದುಳಿನ ಆಳದಲ್ಲಿರುವ ಗಂಟುಗಳೂ ಇಟ್ಟುಕೊಳ್ಳುತ್ತವೆ ಎಂದರು.

ನನ್ನ ಕಿವಿಗೆ ನೇಕಾರ ಬೀಳಲಿಲ್ಲ. ಎಲ್ಲಾ ತಿಳಿಯಾಕತ್ತೈತಿ ಎಂದದ್ದೇ ಕೇಳುತ್ತಿತ್ತು. ಅಂದರೆ ಅತ್ತಿ ಹಟ ಎಂದದ್ದು, ನಾನು ನಾಟಕ ಎಂದದ್ದು, ಅವ್ವ ಒಲೆಯ ಮುಂದೆ ಅತ್ತದ್ದು ಎಲ್ಲವೂ ಅವರಿಗೆ ತಿಳಿದಿತ್ತು. ಅಲ್ಲ ಎನ್ನಲಿಕ್ಕೆ ಒಂದು ಶಬ್ದವಿರಲಿಲ್ಲ. ತಿರುಗಿ ಬರುವಾಗ ಮೋಟಾರಿನಲ್ಲಿ ನಾಚಿಕೆಯಿಂದ ಸತ್ತುಹೋದೆ. “ಅಪ್ಪಾ, ತಪ್ಪಾತು” ಎಂದೆ. ಅಪ್ಪ ನನ್ನ ತಲೆಯ ಮೇಲೆ ಎಡಗೈ ಇಟ್ಟು, “ಆತು” ಎಂದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅಕ್ರೋಡು ಒಡೆದು ತೋರಿಸಿದೆ. ಅಪ್ಪನಿಂದ ಎರಡರ ಮಗ್ಗಿ ಹೇಳಿಸಿದೆ, ಸರಾಗ ಬಂತು. ವಾರಗಳ ಹೆಸರೂ ಸಾಲಾಗಿ ಬಂದವು. ಇವತ್ತು ಯಾವ ವಾರ ಎಂದರೆ ಬರಲಿಲ್ಲ. “ನೋಡವಾ, ಇದು ಸಿಟ್ಟಲ್ಲ” ಎಂದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ಮಗ್ಗಿ ತಗೊಂಡು ನಾ ಏನ ಮಾಡ್ಲಿ? ಎಲ್ಲಾ ಬರತದ, ನಂದೊಂದಽ ಬರೂದಿಲ್ಲ” ಎಂದಳು. ಅವಳ ಹೆಸರು ಬಾಯಿಪಾಠವಾಗುವುದಾದರೂ ಹೇಗೆ? ಸಂಸಾರದುದ್ದಕ್ಕೂ ಅಪ್ಪ ಅವಳನ್ನು ಕರೆದದ್ದು “ಇಲ್ಲಿ ನೋಡು” ಎಂದೇ.

“ನಿನ್ನ ಬಗ್ಗೆ ಅವರಿಗೆ ಬಾಯಿಪಾಠ ಇದ್ದದ್ದು ಏನರೆ ಅದ ಏನು?” ಎಂದು ಕೇಳಿದೆ.

ಅವ್ವ, ಆ ವಯಸ್ಸಿನಲ್ಲಿ, ಕಿವಿಯ ತನಕ ಕೆಂಪಾದಳು. ಅತ್ತಿಯೇ ಬಾಯಿಬಿಟ್ಟಳು: “ಒಡಪು ಅದ ಅಲ್ಲ! ಎಂಟ ದಿನಾ ಹಿಡಕೊಂಡು ನಾನಽ ಕಲಿಸಿದ್ದೆ ಈ ಮಬ್ಬಗ.”

ಮದುವೆಯ ಊಟದಲ್ಲಿ ಗಂಡಹೆಂಡತಿ ಒಬ್ಬರಿಗೊಬ್ಬರು ತುತ್ತು ಕೊಡುವ ಮೊದಲು ಹೇಳುವ ಒಡಪು. ಒಬ್ಬರ ಹೆಸರನ್ನು ಒಬ್ಬರು ಪದ್ಯದ ಕೊನೆಯಲ್ಲಿ ಸೇರಿಸಿ ಹೇಳಬೇಕು. ಅಪ್ಪನಿಗೆ ಬರುತ್ತಿದ್ದದ್ದು ಒಂದೇ. ಸೀಮಂತದಲ್ಲಿ, ನನ್ನ ಹೆಸರಿಡುವ ದಿನ, ಬೀಗರ ಊಟದಲ್ಲಿ, ಎಲ್ಲೆಲ್ಲಿ ಹೆಂಗಸರು ಕಾಡಿದರೋ ಅಲ್ಲೆಲ್ಲ ಅದನ್ನೇ ಹೇಳಿ ಪಾರಾಗುತ್ತಿದ್ದರಂತೆ.

ಮರುದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತರು. ಅವ್ವ ಬಡಿಸಿ ಹೋಗಲಿಲ್ಲ, ಎದುರಿಗೆ ಕೂತಳು. ತುತ್ತು ಕಲಸಿ ಕೈಯಲ್ಲಿ ಹಿಡಿದು, ನೆಲ ನೋಡುತ್ತಾ, ಹೆದರಿದ ದನಿಯಲ್ಲಿ ತನ್ನ ಒಡಪು ಹೇಳಿದಳು. ಕೊನೆಗೆ ಅಪ್ಪನ ಹೆಸರು ಬಂತು. ನನ್ನ ಜನ್ಮದಲ್ಲಿ ಅವಳ ಬಾಯಿಂದ ಅದನ್ನು ಕೇಳಿದ್ದು ಅದೇ ಮೊದಲು. ಅಪ್ಪ ಅವಳನ್ನೇ ನೋಡಿದರು. ತುಟಿ ಅದುರಿತು.

“ಗಲಗಲಿ ಹೊಳಿಯಾಗ ತೇಲಿ ಬಂತು ದೋಣಿ, ದೋಣಿಯಿಂದ ಇಳದಾಕಿ ನಮ್ಮ ಮನಿ ರಾಣಿ,” ಎಂದರು, ಮತ್ತು ಅವ್ವನ ಹೆಸರು ಹೇಳಿದರು. ಸ್ವಚ್ಛವಾಗಿ, ಪೂರ್ತಿ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರದು.

ಅತ್ತಿ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. “ಇನ್ನೊಮ್ಮೆ, ಹೆಸರಷ್ಟಽ ಅನ್ರಿ” ಎಂದಳು. ಅಪ್ಪ ಒದ್ದಾಡಿದರು. ಬರಲಿಲ್ಲ. ಬರಿಯ ಹೆಸರು ಆಮೇಲೂ ಎಂದೂ ಬರಲಿಲ್ಲ. ಪದ್ಯ ಮೊದಲಿಂದ ಹೊರಟರೆ ಮಾತ್ರ ಕೊನೆಗೆ ಅದು ಬರುತ್ತಿತ್ತು, ಮತ್ತು ಅವ್ವ ತನ್ನದನ್ನು ಹೇಳಿದರೆ ಮಾತ್ರ ಅಪ್ಪನದು ಹೊರಡುತ್ತಿತ್ತು. ಅವ್ವ ಅಂದು ರಾತ್ರಿ ಎರಡು ರೊಟ್ಟಿ ಉಂಡಳು.

ಗಂಡನ ಹೆಸರು ಬಾಯಲ್ಲಿ ಬಂದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದವಳು ಅವ್ವ. ಅಪ್ಪ ಆಮೇಲೆ ಏಳು ವರ್ಷ ಬದುಕಿದರು. ಏಳು ವರ್ಷವೂ, ದಿನಾ ಊಟದ ಮೊದಲು, ಅವಳು ಅವರ ಹೆಸರು ಹೇಳಿದಳು.