ಅರ್ಧ ಸಿಗರೇಟಿನ ಗೆಳೆಯ

ಚಟ ಬಿಟ್ಟವನಿಗೆ ಸಾಯಂಕಾಲದ ನಾಲ್ಕು ಗಂಟೆಯಷ್ಟು ಉದ್ದದ ಗಂಟೆ ಇನ್ನೊಂದಿಲ್ಲ. ಬೆಳಗಿನ ಹೊತ್ತು ಹೇಗೋ ಕಳೆಯುತ್ತದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರು ಹೊತ್ತು ತಂದ ರೈತರು ಅಂಗಡಿಯ ಮುಂದೆ ಕೂತು ಅವಸರಪಡಿಸುತ್ತಾರೆ, ನಾನು ತಾಮ್ರದ ತಂತಿ ಸುತ್ತುತ್ತಾ ಎಲ್ಲ ಮರೆತಿರುತ್ತೇನೆ. ನಾಲ್ಕಾಯಿತೋ, ಎರಡು ಬೆರಳು ತಾವಾಗಿಯೇ ಪಕ್ಕಪಕ್ಕ ಬಂದು ನಿಂತು, ನಡುವೆ ಏನೋ ಇರಬೇಕಿತ್ತಲ್ಲ ಎಂದು ಹುಡುಕುತ್ತವೆ. ಯಜಮಾನ ಸುಧಾರಿಸಿದ್ದಾನೆಂದು ಪಾಪ, ಬೆರಳಿಗೇನು ಗೊತ್ತು!

ಹೊನ್ನಾಳಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ, ಒಂದೇ ಗೋಡೆಯ ಆಚೆಗೆ ರುದ್ರಪ್ಪನ ಟೈಲರ್ ಅಂಗಡಿ. ನಾವಿಬ್ಬರೂ ಬೈಟೂ ಸಂಪ್ರದಾಯದವರು. ಒಂದು ಚಹಾವನ್ನು ಎರಡು ಲೋಟಕ್ಕೆ ಹಂಚಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ; ನಾವು ಸಿಗರೇಟನ್ನೂ ಹಾಗೇ ಹಂಚಿಕೊಂಡೆವು. ಮೊದಲರ್ಧ ಒಂದು ದಿನ ಅವನಿಗೆ, ಮರುದಿನ ನನಗೆ. ಅರ್ಧ ಸೇದಿದರೆ ಅದು ಚಟವಲ್ಲ, ಸ್ನೇಹ ಎಂಬುದು ನಮ್ಮ ಸಿದ್ಧಾಂತ. ದಿನಕ್ಕೆ ಅಂಥ ಅರ್ಧಗಳು ಎಷ್ಟು ಎಂದು ಮಾತ್ರ ಇಬ್ಬರೂ ಕೇಳಿಕೊಂಡಿರಲಿಲ್ಲ.

ಭಾನುವಾರದ ಸಂಗತಿ ಬೇರೆ. ಹೊನ್ನಾಳಿಯಲ್ಲಿ ಕುಡಿದರೆ ಯಾರಾದರೂ ನೋಡಿಯಾರೆಂದು ಬಸ್ಸು ಹತ್ತಿ ನ್ಯಾಮತಿಗೆ ಹೋಗುತ್ತಿದ್ದೆವು. ಅಲ್ಲೊಂದು ಕ್ವಾರ್ಟರ್, ಅದೂ ಬೈಟೂ. ಒಮ್ಮೆ ಹೊರಟು ನಿಂತಾಗ ನ್ಯಾಮತಿಯಿಂದ ಬಂದ ಬಸ್ಸಿನಿಂದ ಆ ಊರಿನ ನನ್ನ ಗಿರಾಕಿಯೊಬ್ಬರು ಇಳಿದರು. “ಏನ್ರೀ ಈ ಕಡೆ?” ಎಂದರೆ ಅತ್ತಿತ್ತ ನೋಡಿ, “ನಮ್ಮೂರಾಗೆ ಎಲ್ಲ ಗುರ್ತಿನೋರು ಕಣ್ರೀ” ಎಂದು ಪಿಸುಗುಟ್ಟಿದರು. ಮಾನ ಉಳಿಸಿಕೊಳ್ಳಲು ಎರಡೂ ಊರಿನವರು ಹೀಗೆ ಅದಲುಬದಲಾಗುತ್ತಿದ್ದೆವು. ಲಾಭ ಆದದ್ದು ಬಸ್ಸಿನವರಿಗೆ.

ಕೆಮ್ಮು ಜೋರಾದಾಗ ದಾವಣಗೆರೆಯ ಡಾಕ್ಟರು ನನ್ನ ಎದೆಯ ಫೋಟೋ ತೆಗೆಸಿ ನೋಡಿ, ಎರಡನ್ನೂ ಬಿಡಿ ಎಂದರು. “ಆಸೆ ಬರ್ತೈತೆ, ಬರಲಿ. ಸ್ವಲ್ಪ ಹೊತ್ತು ತಡೀರಿ. ನೀರು ಕುಡೀರಿ, ಎದ್ದು ಓಡಾಡ್ರಿ. ತಾನೇ ಹೋಗ್ತೈತೆ.” ಹೌದು, ಹೋಗುತ್ತದೆ. ಚಪಲವೆಂಬುದು ಹೇಳದೆ ಕೇಳದೆ ಬರುವ ನೆಂಟನ ಹಾಗೆ. ಉಪಚಾರ ಮಾಡದಿದ್ದರೆ ತುಸು ಹೊತ್ತು ಕೂತು ಎದ್ದುಹೋಗುತ್ತದೆ. ಆದರೆ ಮತ್ತೆ ಬರ್ತೀನಿ ಎಂದು ಹೇಳಿಯೇ ಹೋಗುತ್ತದೆ.

ಸುದ್ದಿ ಹಬ್ಬಿದ್ದೇ ತಡ, ಔಷಧಗಳ ಸುರಿಮಳೆಯಾಯಿತು. ಲವಂಗ, ಜೀರಿಗೆ, ಬೆಲ್ಲ. ಚನ್ನಗಿರಿಯ ನನ್ನ ಭಾಮೈದ ಒಂದು ಚೀಲ ಅಡಿಕೆಯನ್ನೇ ತಂದಿಟ್ಟು, “ಇದನ್ನ ಅಗೀರಿ ಭಾವ, ಸಿಗರೇಟಿನ ನೆಪ್ಪೇ ಆಗಲ್ಲ” ಎಂದ. ಚನ್ನಗಿರಿಯವರಿಗೆ ಲೋಕದ ಯಾವ ಕಷ್ಟಕ್ಕೂ ಅಡಿಕೆಯೇ ಪರಿಹಾರ. ಇದನ್ನು ಹೇಳಿದಾಗ ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ಆ ಚೀಲ ಮರಳಿ ಚನ್ನಗಿರಿ ಸೇರಿತು. ಕೊನೆಗೆ ಒಗ್ಗಿದ್ದು ಮಂಡಕ್ಕಿ. ಆಸೆ ಬಂದಾಗ ಒಂದು ಹಿಡಿ. ಬರೀ ಮಂಡಕ್ಕಿ ತಿಂದರೆ ಅದಕ್ಕೆ ಅವಮಾನವಲ್ಲವೇ? ಜೊತೆಗೆ ಬಿಸಿ ಮಿರ್ಚಿ ಬಜ್ಜಿಯೂ ಬಂತು. ಪ್ಯಾಂಟು ಬಿಗಿಯಾಗಿ ರುದ್ರಪ್ಪನ ಹತ್ತಿರ ಹೋದರೆ ಟೇಪು ಸುತ್ತಿ ನೋಡಿ, “ಸಿಗರೇಟು ಬಿಡು ಅಂದ್ರೆ ಹೊಟ್ಟೆನೂ ಬಿಟ್ಟೀಯಲ್ಲಲೇ ಸಿದ್ದೇಶಿ!” ಎಂದು ನಕ್ಕ. ನಗುತ್ತಾ ನಗುತ್ತಾ ಕೆಮ್ಮಿದ. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಅದರ ಅರ್ಥ ಗೊತ್ತಾದದ್ದು ಅವನ ಹೆಂಡತಿ ಗಂಗಮ್ಮ ನನ್ನ ಅಂಗಡಿಗೆ ಬಂದಾಗ. “ಅಣ್ಣಾ, ನೀವು ಸಿಗರೇಟು ಬಿಟ್ಟು ನಮ್ಮನೆಯವರನ್ನ ಹಾಳು ಮಾಡಿದ್ರಿ ನೋಡ್ರಿ!” ಎಂದಳು.

ನಾನು ಕಕ್ಕಾಬಿಕ್ಕಿ. ಅಲ್ಲಿಯವರೆಗೆ ಕಂಡವರೆಲ್ಲ ನನ್ನನ್ನು ಹೊಗಳಿದ್ದರು.

“ನೀವಿದ್ದಾಗ ಅರ್ಧ ಸೇದ್ತಿದ್ರು, ಈಗ ಪೂರ್ತಿ ಸೇದ್ತಾರೆ. ಕೇಳಿದ್ರೆ ಅರ್ಧ ಬಿಸಾಕಾಕೆ ಮನಸು ಬರಲ್ಲ ಅಂತಾರೆ. ಮಲಗಿದ್ರೆ ಕೆಮ್ಮು, ಎದ್ರೆ ಕೆಮ್ಮು. ನಂಗೆ ಹೆದರಿಕೆ ಆಗೈತೆ ಅಣ್ಣಾ.” ಅವಳ ಕಣ್ಣು ತುಂಬಿತ್ತು.

ಕತ್ತರಿಸಿ ಉಳಿದ ಬಟ್ಟೆಯ ಚೂರನ್ನೂ ದಿಂಬಿಗೆ ತುಂಬುವ ಮನುಷ್ಯ, ಅರ್ಧ ಸಿಗರೇಟು ಎಸೆದಾನೆಯೇ? ನಾನು ಬಿಟ್ಟ ಹೊಗೆ ಎಲ್ಲಿಗೂ ಹೋಗಿರಲಿಲ್ಲ. ಗೋಡೆ ದಾಟಿ ಅವನ ಎದೆಯಲ್ಲಿ ಕೂತಿತ್ತು.

ಪುರಾಣಗಳಲ್ಲಿ ತಪಸ್ಸು ಕೆಡಿಸಲು ಅಪ್ಸರೆಯರು ಬರುತ್ತಾರೆ. ತಂತಿ ಸುತ್ತುವವನಿಗೆ ಅಪ್ಸರೆಯ ಖರ್ಚೇಕೆಂದು ದೇವೇಂದ್ರ ನನ್ನ ಬಳಿಗೆ ಕರುಣೆಯನ್ನು ಕಳಿಸಿದ. ಜಗಳೂರಿನ ಮದುವೆಯೊಂದರಲ್ಲಿ ನೆಂಟರು ಗ್ಲಾಸು ಹಿಡಿದು “ಒಂದೇ ಒಂದು, ನಮ್ಮ ಮರ್ಯಾದಿಗೆ” ಎಂದು ಗೋಗರೆದಾಗ ಬಗ್ಗದವನು ನಾನು. ಆದರೆ ಆ ದಿನ ನಾಲ್ಕಕ್ಕೆ ಬಂದ ಚಪಲ ನನ್ನ ಕಿವಿಯಲ್ಲಿ, ಅವನ ಸಿಗರೇಟಿನ ಅರ್ಧ ನೀನೇ ಸೇದಿದರೆ ಗೆಳೆಯನ ಜೀವ ಉಳಿಯುತ್ತದಲ್ಲವೇ ಎಂದಿತು. ಎಂಥ ಧರ್ಮಸೂಕ್ಷ್ಮ! ನಿಜ ಹೇಳುತ್ತೇನೆ, ನನಗೆ ಭಾರಿ ಖುಷಿಯಾಯಿತು. ಮಹಾತ್ಯಾಗಕ್ಕೆ ಹೊರಟವನಂತೆ ಎದ್ದೆ.

ರುದ್ರಪ್ಪ ಅಂಗಡಿಯ ಹಿಂದೆ ನಿಂತು ಆಗಷ್ಟೇ ಹಚ್ಚಿಕೊಂಡಿದ್ದ. ಕೈ ಚಾಚಿ, “ಕೊಡೋ ಇಲ್ಲಿ ನನ್ನ ಅರ್ಧ. ನಿನ್ನ ಸಲುವಾಗಿ ಸೇದ್ತೀನಿ” ಎಂದೆ.

ಅವನು ನನ್ನ ಕೈ ನೋಡಿದ, ಮುಖ ನೋಡಿದ. ಇನ್ನೂ ಅರ್ಧವೂ ಆಗದ ಸಿಗರೇಟನ್ನು ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ಹೊಸಕಿದ.

“ಥೂ, ನಿನ್ನ! ಗ್ವಾಡೆ ಆಚೆ ನಿನ್ನ ಕೆಮ್ಮು ಕೇಳಿದಾಗೆಲ್ಲ ಮಿಷನ್ ನಿಲ್ಲಿಸಿ ಕೂರ್ತಿದ್ದೆ ಕಣಲೇ, ಇವನಿಗೆ ಏನಾತೋ ಅಂತ. ಈಗ ಅದು ಕೇಳ್ಸಲ್ಲ. ಇನ್ನೊಂದು ಸಲ ಕೇಳ್ಸಬ್ಯಾಡ.”

“ಮತ್ತೆ ನಿನ್ನ ಕೆಮ್ಮು ನಂಗೆ ಕೇಳ್ಸಲ್ಲ ಅಂತ ಮಾಡೀಯೇನು?” ಎಂದೆ. ಅಂದಿನಿಂದ ಅವನೂ ಬಿಟ್ಟ.

ಬಿಟ್ಟ ಎಂದರೆ, ಬಿಡುತ್ತಿದ್ದಾನೆ. ಮೊದಮೊದಲು ಗಿರಾಕಿಗಳ ಮೇಲೆ ಹರಿಹಾಯ್ದ. ಮೇಷ್ಟ್ರೊಬ್ಬರ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದ. ಒಮ್ಮೆ ಜಾರಿಬಿದ್ದು, ಲವಂಗ ಅಗಿಯುತ್ತಾ ಬಂದು ತಾನೇ ಒಪ್ಪಿಕೊಂಡ. ಈಗ ನಾಲ್ಕಕ್ಕೆ ಎರಡೂ ಅಂಗಡಿಯ ಬಾಗಿಲು ಮುಂದೆ ಮಾಡಿ ತುಂಗಭದ್ರೆಯ ಸೇತುವೆಯವರೆಗೆ ನಡೆಯುತ್ತೇವೆ. ಇಬ್ಬರಿಗೂ ಒಟ್ಟಿಗೆ ಆಸೆಯಾದ ದಿನ ಜಗಳವಾಡುತ್ತೇವೆ. ಜಗಳ ಯಾತಕ್ಕೆ ಎಂದು ಮರೆಯುವಷ್ಟರಲ್ಲಿ ಆಸೆಯೂ ಹೋಗಿರುತ್ತದೆ.

ನಿನ್ನೆ ಅವನು ಸೇತುವೆಯ ಕಂಬಿ ಹಿಡಿದು ನೀರು ನೋಡುತ್ತಾ ಕೇಳಿದ: “ಈ ಹಾಳಾದ್ದು ಪೂರ್ತಿ ಯಾವಾಗ ಹೋಗ್ತೈತಲೇ?”

“ನಂಗೇನು ಗೊತ್ತು ಮಾರಾಯ” ಎಂದೆ. “ಅದು ಬಂದ್ರೆ ಬರಲಿ. ನಾಳೆ ನಾಲ್ಕಕ್ಕೆ ನೀನು ಬಾ.”